ಕಾಲು ಗಿಡ್ಡ, ಮರಿಯೂ ಇಲ್ಲ: ಗಂಡಿಲಿಯ ಮೂಳೆ, ಫಲವತ್ತತೆ ಎರಡನ್ನೂ ಕೆಡಿಸುವ ಜೀನ್ ರೂಪಾಂತರವನ್ನು ಪರೀಕ್ಷಿಸುವುದು ಹೇಗೆ?

1986ರಲ್ಲಿ ತಳಿವಿಜ್ಞಾನಿ ಮೇರಿ ಲಯನ್ ಮತ್ತು ಸಂಗಡಿಗರು ಒಂದು ವಿಚಿತ್ರ ಇಲಿತಳಿಯ ಬಗ್ಗೆ ಬರೆದರು. ಈ ತಳಿಯ ಗಂಡುಗಳು ಗಿಡ್ಡ. ರಕ್ತದಲ್ಲಿ ಫಾಸ್ಫೇಟ್ ಕಡಿಮೆ, ರಿಕೆಟ್ಸ್ ಬಂದ ಮಕ್ಕಳ ಹಾಗೆ ಮೂಳೆ ಮೆತ್ತಗೆ. ಪಂಜರದಲ್ಲಿ ಸುತ್ತಿದ್ದೇ ಸುತ್ತಿದ್ದು, ಅದಕ್ಕೇ ಜೈರೋ ಎಂಬ ಹೆಸರು. ಇದರ ಮೇಲೆ ಗಂಡುಗಳಿಗೆ ಮರಿಯೂ ಆಗುವುದಿಲ್ಲ. ಒಂದೇ ಜೀನ್ ಇಷ್ಟೆಲ್ಲ ಹೇಗೆ ಮಾಡುತ್ತದೆ ಅಂತ ತಲೆ ಕೆಡಿಸಿಕೊಳ್ಳಬಹುದಿತ್ತು. 1998ರ ಹೊತ್ತಿಗೆ ಗೊತ್ತಾಯಿತು: ಕೆಟ್ಟಿದ್ದು ಒಂದು ಜೀನ್ ಆಗಿರಲೇ ಇಲ್ಲ. ಎಕ್ಸ್ ಕ್ರೋಮೋಸೋಮಿನ ಒಂದು ತುಂಡೇ ಹಾರಿಹೋಗಿತ್ತು. ಫೆಕ್ಸ್ ಎಂಬ ಜೀನಿನ ಮೊದಲ ಭಾಗ, ಅದರ ಪಕ್ಕದ ಸ್ಪರ್ಮೀನ್ ಸಿಂಥೇಸ್ ಜೀನ್ ಪೂರ್ತಿ, ಎರಡೂ ಒಟ್ಟಿಗೆ ಹೋಗಿದ್ದವು. 2004ರಲ್ಲಿ ಸ್ಪರ್ಮೀನ್ ಸಿಂಥೇಸ್ ಜೀನನ್ನು ಮಾತ್ರ ಹೊರಗಿನಿಂದ ಸೇರಿಸಿ ನೋಡಿದರು. ಸುತ್ತುವುದು ನಿಂತಿತು, ಗಂಡುಗಳಿಗೆ ಮರಿ ಆಯಿತು. ಫಾಸ್ಫೇಟ್ ಮಾತ್ರ ಕಡಿಮೆಯೇ ಉಳಿಯಿತು, ಅದು ಫೆಕ್ಸ್ ಹೋದದ್ದರ ಫಲ.

ಈ ಕೆಲಸಕ್ಕೆ ಇಳಿಯುವವರಿಗೆಲ್ಲ ನಾನು ಮೊದಲು ಹೇಳುವುದು ಈ ಜೈರೋ ಕತೆಯನ್ನೇ. ಮೂಳೆ, ವೀರ್ಯ ಎರಡೂ ಕೆಟ್ಟ ಇಲಿ ಸಿಕ್ಕಿದ ಕೂಡಲೇ ನಡುವೆ ಒಂದು ಚಂದದ ಸಂಬಂಧ ಕಟ್ಟುವ ಆಸೆ ಬರುತ್ತದೆ. ಆ ಆಸೆಯನ್ನು ಆರೇಳು ತಿಂಗಳು ತಡೆದುಕೊಳ್ಳುವುದು ಹೇಗೆ ಅನ್ನುವುದೇ ಈ ಮಾರ್ಗದರ್ಶಿ. ಲ್ಯಾಬಿಗೆ ಹೊಸದಾಗಿ ಸೇರಿದವರಿಗೆ ಇದು ಕೈಪಿಡಿ. ಇಂಥ ಸಂಶೋಧನೆಯ ಸುದ್ದಿ ಓದುವವರಿಗೂ ಎಲ್ಲಿ ಅನುಮಾನ ಪಡಬೇಕು ಅಂತ ಗೊತ್ತಾಗುತ್ತದೆ.

ಒಂದು ಮಾತು. ನಮ್ಮಲ್ಲಿ ಮೌಸ್ ಕೂಡ ಇಲಿ, ರ‍್ಯಾಟ್ ಕೂಡ ಇಲಿ. ಇಲ್ಲಿ ಇಲಿ ಅಂದರೆ ಮೌಸ್, ಚಿಟ್ಟಿಲಿ. ಇನ್ನು ಅನುಮತಿಯ ವಿಷಯ: ಭಾರತದಲ್ಲಿ ಪ್ರಾಣಿ ಪ್ರಯೋಗಗಳ ಮೇಲ್ವಿಚಾರಣೆ ಮಾಡುವ ಸರಕಾರಿ ಸಮಿತಿಯಾದ ಸಿಸಿಎಸ್‌ಇಎ (ಹಿಂದಿನ ಸಿಪಿಸಿಎಸ್‌ಇಎ) ನೋಂದಣಿ ಇರುವ ಸಂಸ್ಥೆಯಲ್ಲಿ, ಅಲ್ಲಿನ ಪ್ರಾಣಿ ನೈತಿಕ ಸಮಿತಿ ಒಪ್ಪಿದ ಮೇಲೆಯೇ ಇದೆಲ್ಲ. ಎಷ್ಟು ಇಲಿ ಬೇಕು, ಯಾಕೆ ಬೇಕು ಅಂತ ಅರ್ಜಿಯಲ್ಲಿ ಬರೆಯಲು ಕೂತಾಗಲೇ ಅರ್ಧ ಪ್ರಯೋಗ ತಿಳಿಯಾಗುತ್ತದೆ.

1. ಮೊದಲು ತಳಿಯ ಜಾತಕ ನೋಡಿ

ಇಲಿ ಎಲ್ಲಿಂದ ಬಂತು? ತಾನಾಗಿ ಹುಟ್ಟಿದ ರೂಪಾಂತರವೋ, ರಾಸಾಯನಿಕ ಕೊಟ್ಟು ಮಾಡಿದ್ದೋ, ಜೀನ್ ಕತ್ತರಿಯಾದ ಕ್ರಿಸ್ಪರ್‌ನಿಂದ ಕತ್ತರಿಸಿದ್ದೋ? ಪ್ರತಿಯೊಂದಕ್ಕೂ ಅದರದೇ ಮೋಸ ಇದೆ. ರಾಸಾಯನಿಕ ಕೊಟ್ಟ ತಳಿಯಲ್ಲಿ ನಿಮಗೆ ಬೇಕಾದ ರೂಪಾಂತರದ ಜೊತೆ ಬೇಡದವೂ ಹತ್ತಾರು ಇರುತ್ತವೆ. ಕ್ರಿಸ್ಪರ್ ಒಮ್ಮೊಮ್ಮೆ ನೀವು ಕೇಳಿದ್ದಕ್ಕಿಂತ ದೊಡ್ಡ ತುಂಡನ್ನೇ ಕಿತ್ತುಹಾಕುತ್ತದೆ. ಸುಮ್ನೆ ಕತ್ತರಿಸಿದ ಜಾಗದ ಡಿಎನ್‌ಎಯ 300 ಅಕ್ಷರ ಓದಿ ತೃಪ್ತಿಪಡಬೇಡಿ. ಅಕ್ಕಪಕ್ಕದ ಜೀನ್‌ಗಳೂ ಸರಿಯಾಗಿವೆಯಾ ಅಂತ ನೋಡಿ.

ಆಮೇಲೆ ತಳಿಯನ್ನು ಶುದ್ಧ ಹಿನ್ನೆಲೆಗೆ, ಅಂದರೆ ಎಲ್ಲ ಇಲಿಗಳ ಜೀನೂ ಒಂದೇ ಥರ ಇರುವ ಒಳತಳಿಗೆ, ಮತ್ತೆ ಮತ್ತೆ ಕೂಡಿಸಿ. ಹಳೆಯ ಲೆಕ್ಕ 10 ತಲೆಮಾರು. ಮೂಳೆಯ ವಿಷಯದಲ್ಲಿ ಇದು ತುಂಬ ಮುಖ್ಯ, ಏಕೆಂದರೆ ಆರೋಗ್ಯವಂತ ತಳಿಗಳಲ್ಲೇ ಮೂಳೆಯ ಸಾಂದ್ರತೆ ಬೇರೆ ಬೇರೆ. ಸಿ3ಎಚ್ ಇಲಿಯ ಮೂಳೆ ಗಟ್ಟಿ, ಸಿ57ಬ್ಲ್ಯಾಕ್6 ಇಲಿಯದು ಅದರ ಮುಂದೆ ಪೊಳ್ಳು. ತಳಿ ಬೆರೆತಿದ್ದರೆ ನೀವು ಅಳೆಯುತ್ತಿರುವುದು ಜೀನನ್ನೋ ಅಜ್ಜನನ್ನೋ ಗೊತ್ತಾಗುವುದಿಲ್ಲ. ಹೋಲಿಕೆಗೆ ಯಾವಾಗಲೂ ಒಂದೇ ಸೂಲಿನ ಅಣ್ಣತಮ್ಮಂದಿರನ್ನೇ ತಗೊಳ್ಳಿ. ಪಕ್ಕದ ಕೋಣೆಯ ಯಾವುದೋ ಪಂಜರದ ಗಂಡು ಬೇಡ.

ಸಾಧ್ಯವಾದರೆ ಎರಡನೆಯ ರೂಪಾಂತರವನ್ನೂ ಮಾಡಿಸಿ: ಅದೇ ಜೀನ್, ಬೇರೆ ಜಾಗದಲ್ಲಿ ಕತ್ತರಿಸಿದ್ದು. ಎರಡೂ ತಳಿ ಕೂಡಿಸಿದಾಗ ಹುಟ್ಟುವ ಮರಿಯಲ್ಲೂ ಅದೇ ಗಿಡ್ಡ ಕಾಲು, ಅದೇ ಖಾಲಿ ವೀರ್ಯ ಕಂಡರೆ ಅರ್ಧ ಚಿಂತೆ ಕಳೆಯಿತು.

2. ಮರಿ ಎಣಿಸಿ

ಜೀನಿನ ಎರಡು ಪ್ರತಿಗಳಲ್ಲಿ ಒಂದು ಮಾತ್ರ ಕೆಟ್ಟಿರುವ ಗಂಡು ಹೆಣ್ಣು ಕೂಡಿದರೆ ಮರಿಗಳು 1:2:1ರ ಅನುಪಾತದಲ್ಲಿ ಬರಬೇಕು. 80 ಮರಿಗಳಲ್ಲಿ ಎರಡೂ ಪ್ರತಿ ಕೆಟ್ಟವು 20. ಈಗ ನಿಮಗೆ 23, 46, 11 ಸಿಕ್ಕಿತು ಅಂದುಕೊಳ್ಳಿ. ಅರ್ಧದಷ್ಟು ಸತ್ತವು ಅಂತ ಬರೆದುಬಿಡುವ ಮನಸ್ಸಾಗುತ್ತದೆ, ಅಲ್ವಾ? ಈ ವ್ಯತ್ಯಾಸ ಬರೀ ಅದೃಷ್ಟವೋ ಎಂದು ನೋಡುವ ಕೈ-ಸ್ಕ್ವೇರ್ ಲೆಕ್ಕ ಹಾಕಿ: 5.4 ಬರುತ್ತದೆ. ಅದೃಷ್ಟವಲ್ಲ ಎನ್ನಲು ದಾಟಬೇಕಾದ ಶೇ. 5ರ ಗಡಿ 5.99. ಅಂದರೆ ಇನ್ನೂ ಎಣಿಸಬೇಕು.

21ನೇ ದಿನ ತಾಯಿಯಿಂದ ಬೇರೆ ಮಾಡುವಾಗ ಮಾತ್ರ ಎಣಿಸಿದರೆ ಸಾಲದು. ಹುಟ್ಟುವ ಮುಂಚಿನ ದಿನ, ಅಂದರೆ ಗರ್ಭದ 18.5ನೇ ದಿನವೂ ಒಂದೆರಡು ಸೂಲು ನೋಡಿ. ಸ್ಪ್ಯಾಗ್17 ಜೀನ್ ಇಲ್ಲದ ಮೊದಲ ಇಲಿಮರಿಗಳು ಹುಟ್ಟಿ 12 ಗಂಟೆಯೊಳಗೆ ಸತ್ತವು. ಶ್ವಾಸಕೋಶದಲ್ಲಿ ದ್ರವ, ತಲೆಯಲ್ಲಿ ನೀರು. ಬೆಳಿಗ್ಗೆ ತಡವಾಗಿ ಬಂದು ನೋಡಿದವರಿಗೆ ತಾಯಿ ಅರ್ಧ ತಿಂದುಹಾಕಿದ ಮರಿಗಳೇ ಸಿಗುತ್ತವೆ. ಅಂಥ ತಳಿಯಲ್ಲಿ ಗಂಡಿನ ಫಲವತ್ತತೆ ನೋಡುವುದಂತೂ ಆಗದ ಮಾತು. ಈ ಸ್ಪ್ಯಾಗ್17 ಹತ್ತಿರ ಮತ್ತೆ ಬರುತ್ತೇನೆ.

3. ಅಸ್ಥಿಪಂಜರಕ್ಕೆ ಬಣ್ಣ ಹಾಕಿ

ಇಡೀ ಕೆಲಸದಲ್ಲಿ ನನಗೆ ಇಷ್ಟವಾದ ಭಾಗ ಇದು. ದುಬಾರಿ ಯಂತ್ರ ಬೇಡ, ತಾಳ್ಮೆ ಸಾಕು. ಮೃದ್ವಸ್ಥಿಗೆ ಆಲ್ಸಿಯನ್ ಬ್ಲೂ, ಸುಣ್ಣ ಕಟ್ಟಿದ ಮೂಳೆಗೆ ಅಲಿಜರಿನ್ ರೆಡ್. ಕೊನೆಗೆ ಮಾಂಸ ಗಾಜಿನಂತೆ ತಿಳಿಯಾಗಿ, ಒಳಗಿನ ಪಂಜರ ನೀಲಿ ಕೆಂಪಿನಲ್ಲಿ ಎದ್ದು ಕಾಣುತ್ತದೆ.

ಹುಟ್ಟಿದ ದಿನದ ಮರಿಗೆ ಹೀಗೆ ಮಾಡಿ. ನಿಯಮದಂತೆ ನೋವಿಲ್ಲದೆ ಕೊಂದ ಮರಿಯನ್ನು 65ರಿಂದ 70 ಡಿಗ್ರಿ ಬಿಸಿನೀರಿನಲ್ಲಿ ಅರ್ಧ ನಿಮಿಷ ಅದ್ದಿ ತೆಗೆಯಿರಿ, ಚರ್ಮ ಸಲೀಸಾಗಿ ಬಿಡುತ್ತದೆ. ಚರ್ಮ, ಹೊಟ್ಟೆಯೊಳಗಿನದ್ದು, ಹೆಗಲಿನ ನಡುವಿನ ಕೊಬ್ಬು ತೆಗೆಯಿರಿ. ಶೇ. 95 ಎಥನಾಲ್‌ನಲ್ಲಿ ಒಂದು ರಾತ್ರಿ, ಕೊಬ್ಬು ಕರಗಲು ಅಸಿಟೋನ್‌ನಲ್ಲಿ ಇನ್ನೊಂದು ರಾತ್ರಿ. ಆಮೇಲೆ ಆಲ್ಸಿಯನ್ ಬ್ಲೂ: 80 ಪಾಲು ಎಥನಾಲ್, 20 ಪಾಲು ಅಸಿಟಿಕ್ ಆಸಿಡ್‌ನಲ್ಲಿ ಶೇ. 0.03. ಇದರಲ್ಲಿ ಒಂದು ರಾತ್ರಿಗಿಂತ ಜಾಸ್ತಿ ಬಿಡಬೇಡಿ. ನಾನು ಒಮ್ಮೆ ಶುಕ್ರವಾರ ಸಂಜೆ ಹಾಕಿ, ಊರಿಗೆ ಹೋಗಿ, ಸೋಮವಾರ ಬಂದೆ. ಆಸಿಡ್ ಸುಣ್ಣವನ್ನೆಲ್ಲ ಕರಗಿಸಿತ್ತು. ಆಮೇಲೆ ಎಷ್ಟು ಅಲಿಜರಿನ್ ಹಾಕಿದರೂ ಕೆಂಪು ಬರಲಿಲ್ಲ. ಆರೋಗ್ಯವಂತ ಮರಿಯೇ ಮೂಳೆರೋಗದ ಮರಿಯಂತೆ ಕಂಡಿತು! ಅವತ್ತಿನಿಂದ ರೋಗದ ಮರಿ, ಅದರ ತಮ್ಮ ಎರಡನ್ನೂ ಒಂದೇ ದಿನ, ಒಂದೇ ಬಾಟಲಿಯ ಬಣ್ಣದಲ್ಲಿ ಹಾಕುತ್ತೇನೆ.

ನೀಲಿ ಆದ ಮೇಲೆ ಎಥನಾಲ್‌ನಲ್ಲಿ ತೊಳೆಯಿರಿ. ಶೇ. 1 ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ಸ್ವಲ್ಪ ತಿಳಿಯಾಗಲಿ. ಅದೇ ದ್ರಾವಣದಲ್ಲಿ ಶೇ. 0.005 ಅಲಿಜರಿನ್ ಬೆರೆಸಿ ಕೆಲವು ಗಂಟೆ ಇಡಿ. ಕೊನೆಗೆ ಗ್ಲಿಸರಾಲ್ ಪಾಲು ಹೆಚ್ಚಿಸುತ್ತ ಹೋಗಿ, ಅಪ್ಪಟ ಗ್ಲಿಸರಾಲ್‌ನಲ್ಲಿ ಎತ್ತಿಡಿ. ವರ್ಷಗಟ್ಟಲೆ ಇರುತ್ತದೆ.

ಈಗ ಎಣಿಸಿ. ಕುತ್ತಿಗೆಯ ಮಣಿಗಳು 7, ಪಕ್ಕೆಲುಬು 13 ಜೊತೆ. ಎದೆಮೂಳೆಯ ತುಂಡುಗಳು ಬಿಡಿಬಿಡಿಯಾಗಿವೆಯೋ, ಅಂಟಿಕೊಂಡಿವೆಯೋ? ತಲೆಬುರುಡೆಯ ಮೇಲೆ ಕೆಂಪು ಎಷ್ಟು ಹರಡಿದೆ? ತೊಡೆಮೂಳೆಯಲ್ಲಿ ಇಡೀ ಉದ್ದ ಮಾತ್ರ ಅಳೆಯಬೇಡಿ, ನಡುವಿನ ಕೆಂಪು ಭಾಗದ ಉದ್ದವನ್ನೂ ಬರೆದುಕೊಳ್ಳಿ. ಮೃದ್ವಸ್ಥಿಯ ಅಚ್ಚೇ ಚಿಕ್ಕದಾಗಿದೆಯೋ, ಅಚ್ಚು ಸರಿಯಿದ್ದು ಸುಣ್ಣ ಕಟ್ಟುವುದು ತಡವಾಗಿದೆಯೋ ಎಂಬುದು ಆಗ ತಿಳಿಯುತ್ತದೆ. ಎರಡೂ ಬೇರೆ ಬೇರೆ ಕಾಯಿಲೆ.

ಇಲಿಯಲ್ಲಿ ಮೃದ್ವಸ್ಥಿಯ ಅಚ್ಚು ಗರ್ಭದ 12.5ನೇ ದಿನದ ಸುಮಾರಿಗೆ ಮೂಡುತ್ತದೆ. 15ನೇ ದಿನದ ಆಸುಪಾಸು ಉದ್ದಮೂಳೆಗಳ ನಡುವೆ ಸುಣ್ಣ ಕಟ್ಟಲು ಶುರು. ಹಾಗಾಗಿ ಅರ್ಧ ದಿನದ ವ್ಯತ್ಯಾಸವೂ ದೊಡ್ಡದು. ಗರ್ಭದ ದಿನ ತಪ್ಪಾಗಿ ಬರೆದುಕೊಂಡಿದ್ದರೆ ಇಲ್ಲದ ಕಾಯಿಲೆ ಹುಟ್ಟುತ್ತದೆ.

ದೊಡ್ಡ ಇಲಿಗೆ ಮೈಕ್ರೋ-ಸಿಟಿ, ಅಂದರೆ ಮೂಳೆಯ ಒಳರಚನೆ ತೋರಿಸುವ ಎಕ್ಸ್-ರೇ ಸ್ಕ್ಯಾನ್, ಬೇಕು. ಗಂಡು ಹೆಣ್ಣು ಬೇರೆ ಇಡಿ, ವಯಸ್ಸು ಒಂದೇ ಇರಲಿ. ಇನ್ನೊಂದು ವಿಷಯ: ಮನುಷ್ಯರಲ್ಲಿ ಪ್ರಾಯಕ್ಕೆ ಬಂದ ಮೇಲೆ ಮೂಳೆ ಬೆಳೆಯುವ ತುದಿ ಮುಚ್ಚಿಕೊಳ್ಳುತ್ತದೆ. ಇಲಿಯಲ್ಲಿ ಬೆಳವಣಿಗೆ ನಿಧಾನ ಆಗುತ್ತದೆಯೇ ಹೊರತು ತುದಿ ಪೂರ್ತಿ ಮುಚ್ಚುವುದಿಲ್ಲ. ಇಲಿಯ ಫಲಿತಾಂಶವನ್ನು ಮನುಷ್ಯರಿಗೆ ಹೇಳುವಾಗ ಇದೊಂದನ್ನು ಮರೆಯಬಾರದು.

4. ಮರಿ ಆಗುತ್ತಿಲ್ಲವೋ, ಕೂಡುತ್ತಲೇ ಇಲ್ಲವೋ?

ಎಲುಬು ಕೆಟ್ಟ ಗಂಡು ಹೆಣ್ಣಿನ ಮೇಲೆ ಹತ್ತಲಾರದೆಯೂ ಇರಬಹುದು. ಸೊಂಟ ನೋವು, ಗಿಡ್ಡ ಹಿಂಗಾಲು, ಸಣಕಲು ಮೈ. ಇದಕ್ಕೆ ವೀರ್ಯವನ್ನು ದೂರಿ ಪ್ರಯೋಜನ ಇಲ್ಲ.

ಪ್ರತಿ ಗಂಡಿಗೂ ಮರಿ ಮಾಡಿ ಗೊತ್ತಿರುವ ಎರಡು ಹೆಣ್ಣು ಜೊತೆ ಮಾಡಿ. ಬೆಳಿಗ್ಗೆ ಬೇಗ ಬಂದು ಹೆಣ್ಣಿನಲ್ಲಿ ಪ್ಲಗ್ ಇದೆಯಾ ನೋಡಿ. ಕೂಡಿದ ಮೇಲೆ ಗಂಡಿನ ಸ್ರಾವ ಗಟ್ಟಿಯಾಗಿ ಮೇಣದ ಬಿರಡೆ ಹಾಗೆ ಕೂತಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಬಿದ್ದೂ ಹೋಗಬಹುದು. ಪ್ಲಗ್ ಇದ್ದು ಮರಿ ಇಲ್ಲದಿದ್ದರೆ ಸಮಸ್ಯೆ ವೀರ್ಯದಲ್ಲಿ. ಪ್ಲಗ್ಗೇ ಇಲ್ಲದಿದ್ದರೆ ನಡವಳಿಕೆ, ಹಾರ್ಮೋನು, ಮೂಳೆ ಇವುಗಳಲ್ಲಿ ಹುಡುಕಿ. ಗಂಡಿಗೆ 8 ವಾರ ತುಂಬಿರಲಿ. ಒಂದೆರಡು ವಾರಕ್ಕೆ ತೀರ್ಮಾನ ಬೇಡ, ಎರಡು ಮೂರು ತಿಂಗಳು ಬಿಡಿ.

5. ವೀರ್ಯಾಣು ನೋಡಿ

ವೃಷಣಕ್ಕೆ ಅಂಟಿದ ಸುರುಳಿನಾಳ ಎಪಿಡಿಡಿಮಿಸ್‌ನ ಬಾಲದ ಕಡೆಯ ಭಾಗ, ಕೌಡಾ ಅನ್ನುತ್ತೇವೆ, ಅದರಲ್ಲಿ ಪಕ್ವವಾದ ವೀರ್ಯಾಣು ಕೂಡಿಟ್ಟಿರುತ್ತದೆ. ಅದನ್ನು 37 ಡಿಗ್ರಿಗೆ ಬೆಚ್ಚಗಾಗಿಸಿದ ಮಾಧ್ಯಮದಲ್ಲಿಟ್ಟು ಎರಡು ಮೂರು ಕಡೆ ಕತ್ತರಿಯಿಂದ ಸೀಳಿ. 10-15 ನಿಮಿಷದಲ್ಲಿ ವೀರ್ಯಾಣು ಹೊಗೆಯಂತೆ ಹೊರಗೆ ಹರಿದು ಬರುತ್ತದೆ. ಬರಿಗಣ್ಣಿಗೇ ಕಾಣುತ್ತದೆ. ಬರದಿದ್ದರೆ ಅದೂ ಒಂದು ಫಲಿತಾಂಶವೇ.

ಮೊದಲು ಚಲನೆ ನೋಡಿ, ಎಣಿಕೆ ಆಮೇಲೆ. ಗಾಜಿನ ಸ್ಲೈಡ್, ಪಿಪೆಟ್ ತುದಿ ಎಲ್ಲ ಬೆಚ್ಚಗಿರಬೇಕು. ಎಸಿ ಕೋಣೆಯ ತಣ್ಣನೆ ಸ್ಲೈಡ್ ಮೇಲೆ ಹಾಕಿದರೆ ಒಳ್ಳೆ ವೀರ್ಯಾಣುವೂ ಸುಮ್ಮನೆ ಬಿದ್ದಿರುತ್ತದೆ. ಚಲನೆ ಬರೆದುಕೊಂಡ ಮೇಲೆ ಒಂದು ಪಾಲನ್ನು 60 ಡಿಗ್ರಿ ನೀರಿನಲ್ಲಿಟ್ಟು ಓಡಾಟ ನಿಲ್ಲಿಸಿ, ನ್ಯೂಬಾವರ್ ಚೌಕದಲ್ಲಿ (ಗೆರೆ ಕೊರೆದ ಎಣಿಕೆಯ ಗಾಜು) ಎಣಿಸಿ. ಆರೋಗ್ಯವಂತ ಗಂಡಿನ ಎರಡೂ ಕೌಡಾ ಸೇರಿದರೆ ಸಾಮಾನ್ಯವಾಗಿ 1 ಕೋಟಿಗಿಂತ ಜಾಸ್ತಿಯೇ ಸಿಗುತ್ತದೆ.

ಆಮೇಲೆ ಆಕಾರ. ಇಲಿಯ ವೀರ್ಯಾಣುವಿನ ತಲೆ ನಮ್ಮದರಂತೆ ಮೊಟ್ಟೆಯಾಕಾರ ಅಲ್ಲ, ಕುಡುಗೋಲಿನ ಹಾಗೆ ಬಾಗಿರುತ್ತದೆ. ಕುಡುಗೋಲಿನ ಕೊಕ್ಕೆ ಮೊಂಡಾಗಿದೆಯೋ, ಬಾಲ ಸುರುಳಿ ಸುತ್ತಿದೆಯೋ, ತಲೆಯೇ ಕಳಚಿ ಬಿದ್ದಿದೆಯೋ ನೋಡಿ. ಎಣಿಸುವವರಿಗೆ ಯಾವ ಇಲಿ ಎಂದು ಗೊತ್ತಿರಬಾರದು. ಗೊತ್ತಿದ್ದರೆ ಕಣ್ಣು ಬೇಕಾದ್ದನ್ನೇ ಕಾಣುತ್ತದೆ.

6. ವೃಷಣದೊಳಗೆ: ಎಲ್ಲಿ ನಿಂತಿತು?

ತೂಕ ಮಾಡಿ. ಪ್ರಾಯದ ಸಿ57ಬ್ಲ್ಯಾಕ್6 ಇಲಿಯ ಒಂದು ವೃಷಣ ಸುಮಾರು 100 ಮಿಲಿಗ್ರಾಂ. ಅದೇ ಹೊತ್ತಿಗೆ ವೀರ್ಯದ ದ್ರವ ಸ್ರವಿಸುವ ಗ್ರಂಥಿಗಳಾದ ಸೆಮಿನಲ್ ವೆಸಿಕಲ್‌ಗಳನ್ನೂ ತೂಗಿ. ಇಲಿಯ ರಕ್ತದಲ್ಲಿ ಟೆಸ್ಟೋಸ್ಟೆರಾನ್ ಗಂಟೆಗೊಂದು ಥರ ಏರಿಳಿಯುತ್ತದೆ, ಒಂದು ಸಲದ ಅಳತೆ ನಂಬುವ ಹಾಗಿಲ್ಲ. ಆ ಗ್ರಂಥಿಗಳು ಬೆಳೆಯುವುದು ಟೆಸ್ಟೋಸ್ಟೆರಾನ್ ಮೇಲೆಯೇ. ಅವು ದಪ್ಪಗಿದ್ದರೆ ಹಾರ್ಮೋನು ಇಷ್ಟು ದಿನ ಸಾಕಷ್ಟಿತ್ತು ಅಂತ ಲೆಕ್ಕ. ದುಡ್ಡಿಲ್ಲದ ಲ್ಯಾಬಿಗೆ ಇದಕ್ಕಿಂತ ಒಳ್ಳೆ ಪರೀಕ್ಷೆ ಇಲ್ಲ.

ವೃಷಣವನ್ನು ಫಾರ್ಮಲಿನ್ ಬದಲು ಬೂಯನ್ ದ್ರಾವಣದಲ್ಲಿ ಹಾಕಿ, ನಾಳಗಳು ಕುಗ್ಗದೆ ಉಳಿಯುತ್ತವೆ. ಸೀಳಿಗೆ ಪಿಎಎಸ್ ಬಣ್ಣ ಹಾಕಿದರೆ ವೀರ್ಯಾಣುವಿನ ತಲೆಯ ಟೋಪಿ, ಅಂದರೆ ಆಕ್ರೋಸೋಮ್, ನೇರಳೆ ಗುಲಾಬಿ ಬಣ್ಣದಲ್ಲಿ ಕಾಣುತ್ತದೆ. ಅದನ್ನು ನೋಡಿಯೇ ವೀರ್ಯಾಣು ತಯಾರಿಯ 12 ಹಂತಗಳಲ್ಲಿ ಯಾವುದು ಅಂತ ಹೇಳುವುದು.

ಇಲಿಯಲ್ಲಿ ಮೂಲಕೋಶದಿಂದ ವೀರ್ಯಾಣು ಆಗಲು ಸುಮಾರು 35 ದಿನ. ಮರಿಗಳಲ್ಲಿ ಮೊದಲ ಅಲೆ ಒಟ್ಟಿಗೆ ಏಳುತ್ತದೆ, ಇದು ನಮಗೆ ವರ. 10ನೇ ದಿನದ ಸುಮಾರಿಗೆ ಮಿಯೋಸಿಸ್ (ಕ್ರೋಮೋಸೋಮು ಅರ್ಧವಾಗುವ ವಿಭಜನೆ) ಶುರು, 14ಕ್ಕೆ ಅದರ ನಡುಹಂತ ಪ್ಯಾಕಿಟೀನ್, 20-21ಕ್ಕೆ ಇನ್ನೂ ಉದ್ದವಾಗದ ದುಂಡು ಸ್ಪರ್ಮ್ಯಾಟಿಡ್, 35ಕ್ಕೆ ವೀರ್ಯಾಣು. ಈ ದಿನಗಳ ಮರಿಗಳನ್ನು ನೋಡಿದರೆ ಬಂಡಿ ಯಾವ ಮೈಲಿಗಲ್ಲಿನ ಬಳಿ ನಿಂತಿತು ಎಂಬುದು ತಿಳಿಯುತ್ತದೆ. ದುಂಡು ಕೋಶ ಉದ್ದವಾಗುವ ಕೊನೆಯ ಹಂತದಲ್ಲಿ ಡಿಎನ್‌ಎಯನ್ನು ಹಿಸ್ಟೋನ್ ಎಂಬ ಪ್ರೋಟೀನ್‌ಗಳಿಂದ ಬಿಡಿಸಿ ಪ್ರೋಟಮಿನ್ ಎಂಬ ಬೇರೆ ಪ್ರೋಟೀನ್‌ಗಳ ಸುತ್ತ ಬಿಗಿಯಾಗಿ ಕಟ್ಟಬೇಕು. ನಡುವೆ ಟ್ರಾನ್ಸಿಶನ್ ಪ್ರೋಟೀನ್‌ಗಳು ಬಂದುಹೋಗುತ್ತವೆ. ಈ ಪ್ರೋಟೀನ್‌ಗಳ ಮೇಲೆ ಬೆಂಗಳೂರಿನಲ್ಲಿ, ಐಐಎಸ್‌ಸಿ ಮತ್ತು ಆಮೇಲೆ ಜವಾಹರಲಾಲ್ ನೆಹರು ಕೇಂದ್ರದಲ್ಲಿ, ವಿಜ್ಞಾನಿ ಎಂ.ಆರ್.ಎಸ್. ರಾವ್ ವರ್ಷಗಟ್ಟಲೆ ಕೆಲಸ ಮಾಡಿದ್ದರು.

7. ಎರಡನ್ನೂ ಕಟ್ಟಿದ ದಾರ ಯಾವುದು?

ಇಲ್ಲಿಗೆ ಬಂದ ಮೇಲೆ ಮಾತ್ರ ಸಂಬಂಧದ ಮಾತು. ನನಗೆ ಗೊತ್ತಿರುವ ಮಟ್ಟಿಗೆ ಮೂರು ದಾರಿ ನೋಡಬೇಕು.

ಒಂದು, ಅದೇ ಯಂತ್ರ ಎರಡೂ ಕಡೆ ಬೇಕಾಗಿರುವುದು. ಸ್ಪ್ಯಾಗ್17 ಇದಕ್ಕೆ ಒಳ್ಳೆ ಉದಾಹರಣೆ. ಕೋಶಗಳ ಮೇಲೆ ಕೂದಲಿನಂತೆ ಇರುವ ಚಲಿಸುವ ಸಿಲಿಯಾ, ವೀರ್ಯಾಣುವಿನ ಬಾಲ ಎರಡರಲ್ಲೂ ಸುತ್ತ 9 ಜೋಡಿ, ನಡುವೆ 2 ಸೂಕ್ಷ್ಮನಾಳಗಳಿರುತ್ತವೆ. ಸ್ಪ್ಯಾಗ್17 ಆ ನಡುವಿನ ಜೋಡಿಗೆ ಸೇರಿದ ಪ್ರೋಟೀನ್. ಹಸಿರು ಪಾಚಿ ಕ್ಲಾಮಿಡೊಮೊನಾಸ್‌ನಲ್ಲೂ ಇದರ ಅಣ್ಣ ಇದ್ದಾನೆ, ಪಿಎಫ್6 ಅಂತ. ಸರಿ, ಬಾಲ ಅಲ್ಲಾಡದಿದ್ದರೆ ಅರ್ಥವಾಗುತ್ತದೆ. ಮೂಳೆಗೇನು? ಮೃದ್ವಸ್ಥಿ ಕೋಶ, ಮೂಳೆ ಕಟ್ಟುವ ಕೋಶಗಳ ಮೇಲೆ ಇರುವುದು ಒಂಟಿ, ಚಲಿಸದ ಪ್ರೈಮರಿ ಸಿಲಿಯಂ. ಅದರಲ್ಲಿ ನಡುವಿನ ಜೋಡಿಯೇ ಇಲ್ಲ! ಆದರೂ 2015ರ ಅಧ್ಯಯನದಲ್ಲಿ ಸ್ಪ್ಯಾಗ್17 ಇಲ್ಲದ ಮರಿಗಳ ಹಿಂಗಾಲಿನ ಮೂಳೆ ಗಿಡ್ಡ, ಎದೆಮೂಳೆಯ ತುಂಡುಗಳು ಅಂಟಿಕೊಂಡಿದ್ದವು, ಕೋಶಗಳ ಮೇಲಿನ ಸಿಲಿಯಂ ಕೂಡ ಚಿಕ್ಕದಾಗಿತ್ತು. ಮನುಷ್ಯರ ಎತ್ತರಕ್ಕೂ ಈ ಜೀನಿನ ಜಾಗಕ್ಕೂ ನಂಟಿರುವುದು ಜಿನೋಮ್ ಅಧ್ಯಯನಗಳಲ್ಲಿ ಕಂಡಿದೆ.

2018ರಲ್ಲಿ, ಮೊದಲಿನವುಗಳ ಹಾಗೆ ಸಾಯದೆ ಬದುಕುಳಿದ ಗಂಡುಗಳನ್ನು ನೋಡಿದಾಗ ಇನ್ನೊಂದು ಅಚ್ಚರಿ. ಬಾಲ ಅಲ್ಲಾಡದ್ದು ಮಾತ್ರ ಅಲ್ಲ, ವೀರ್ಯಾಣು ತಯಾರಾಗುವುದೇ ಸ್ಪರ್ಮ್ಯಾಟಿಡ್ ಹಂತದಲ್ಲಿ ನಿಂತಿತ್ತು. ತಲೆಗೆ ಆಕಾರ ಕೊಡುವ ಮ್ಯಾಂಚೆಟ್ ಎಂಬ ಸೂಕ್ಷ್ಮನಾಳಗಳ ಲಂಗ ಉದ್ದವಾಗಿತ್ತು. ಅದರ ಮೇಲೆ ಸಾಗಬೇಕಾದ ಐಎಫ್‌ಟಿ20ಯಂಥ ಪ್ರೋಟೀನ್‌ಗಳ ಸಾಗಾಟವೂ ಕೆಟ್ಟಿತ್ತು. ಜೀನಿನ ಹೆಸರು ನೋಡಿ, ಇದು ಬಾಲದ ಜೀನ್ ಅಂತ ಸುಮ್ಮನಾಗಿದ್ದರೆ ಇದು ಸಿಗುತ್ತಿರಲಿಲ್ಲ.

ಎರಡು, ಹಾರ್ಮೋನು ಮತ್ತು ಕೊಳಾಯಿ. ಈಸ್ಟ್ರೋಜನ್ ರಿಸೆಪ್ಟರ್ ಆಲ್ಫಾ (ಈ ಹಾರ್ಮೋನಿನ ಸಂದೇಶ ಹಿಡಿಯುವ ಪ್ರೋಟೀನ್) ಇಲ್ಲದ ಇಲಿಯನ್ನು 1993ರಲ್ಲಿ ಮಾಡಿದರು. ಗಂಡುಗಳಿಗೆ ಮರಿ ಇಲ್ಲ, ತೊಡೆಮೂಳೆ ಗಿಡ್ಡ. 1997ರಲ್ಲಿ ಕಾರಣ ಸಿಕ್ಕಿತು. ವೃಷಣದಿಂದ ಹೊರಡುವ ಸಣ್ಣ ನಾಳಗಳು ದ್ರವವನ್ನು ಹೀರಿಕೊಳ್ಳಬೇಕಿತ್ತು, ಹೀರಿಕೊಳ್ಳಲಿಲ್ಲ. ದ್ರವ ಹಿಂದಕ್ಕೆ ಒತ್ತಿತು, ವೃಷಣದ ನಾಳಗಳು ಊದಿ ಹಾಳಾದವು. ಚರಂಡಿ ಕಟ್ಟಿಕೊಂಡು ಮನೆಯೊಳಗೆ ನೀರು ನುಗ್ಗಿದ ಹಾಗೆ. ಬೀಜಕೋಶಗಳ, ಅಂದರೆ ವೀರ್ಯಾಣು ಆಗಬೇಕಾದ ಕೋಶಗಳ, ತಪ್ಪೇ ಇಲ್ಲ! 2000ದಲ್ಲಿ ಆ ಇಲಿಯ ಬೀಜಕೋಶಗಳನ್ನು ಆರೋಗ್ಯವಂತ ಇಲಿಯ ಖಾಲಿ ವೃಷಣಕ್ಕೆ ಕಸಿ ಮಾಡಿದಾಗ ಮರಿಗಳೇ ಹುಟ್ಟಿದವು. ಇದೇ ರಿಸೆಪ್ಟರ್ ಕೆಟ್ಟ ಒಬ್ಬ 28 ವರ್ಷದ ಗಂಡಸಿನ ವರದಿ 1994ರಲ್ಲಿ ಬಂತು. ಅವರ ಎತ್ತರ 204 ಸೆಂಟಿಮೀಟರ್, ಇನ್ನೂ ಬೆಳೆಯುತ್ತಲೇ ಇದ್ದರು. ಇಲಿ ಗಿಡ್ಡ, ಮನುಷ್ಯ ಉದ್ದ. ಬೆಳೆಯುವ ತುದಿ ಮುಚ್ಚುವ ಮಾತನ್ನು ಮೇಲೆ ಹೇಳಿದ್ದು ಇದಕ್ಕೇ.

ಮೂರು, ಮೂಳೆಯೇ ವೃಷಣಕ್ಕೆ ಸುದ್ದಿ ಕಳಿಸುವುದು. ಇದು ಎಲ್ಲರಿಗೂ ಹಿಡಿಸುವ ಕತೆ, ಅದಕ್ಕೇ ಅಪಾಯ. ಮೂಳೆಯಿಂದ ಬರುವ ಆಸ್ಟಿಯೋಕ್ಯಾಲ್ಸಿನ್ ವೃಷಣದಲ್ಲಿ ಟೆಸ್ಟೋಸ್ಟೆರಾನ್ ಹೆಚ್ಚಿಸುತ್ತದೆ ಎಂದು 2011ರಲ್ಲಿ ವರದಿಯಾಯಿತು. 2020ರಲ್ಲಿ ಎರಡು ಬೇರೆ ಬೇರೆ ಗುಂಪುಗಳು ಹೊಸದಾಗಿ ಆ ಜೀನ್‌ಗಳನ್ನು ತೆಗೆದು ಇಲಿ ಮಾಡಿದವು. ಅವುಗಳಲ್ಲಿ ಅಂಥ ಹಾರ್ಮೋನು ತೊಂದರೆ ಕಾಣಲಿಲ್ಲ. ಇಲಿಯಲ್ಲಿ ಆಸ್ಟಿಯೋಕ್ಯಾಲ್ಸಿನ್ ಬಳಗದ ಮೂರು ಜೀನ್ ಸಾಲಾಗಿ ಕೂತಿವೆ, ಯಾವುದನ್ನು ಎಷ್ಟು ತೆಗೆದರು, ತಳಿ ಯಾವುದು ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ. ನನ್ನನ್ನು ಕೇಳಿದರೆ ಈ ದಾರಿಯನ್ನು ಕೊನೆಗೆ ಹಿಡಿಯಿರಿ.

8. ಒಂದೊಂದೇ ಜಾಗದಲ್ಲಿ ಕೆಡಿಸಿ, ಮತ್ತೆ ಸರಿಮಾಡಿ

ಕ್ರೀ-ಲಾಕ್ಸ್, ಅಂದರೆ ಬೇಕಾದ ಕೋಶಗಳಲ್ಲಿ ಮಾತ್ರ ಜೀನ್ ಕತ್ತರಿಸುವ ವಿಧಾನ, ಇರುವುದು ಇದಕ್ಕೇ. ಮೃದ್ವಸ್ಥಿಯಲ್ಲಿ ಮಾತ್ರ ಕೆಡಿಸಲು ಕಾಲ್2-ಕ್ರೀ, ಕೈಕಾಲ ಮೊಗ್ಗಿಗೆ ಪಿಆರ್‌ಎಕ್ಸ್1-ಕ್ರೀ, ಬೀಜಕೋಶಕ್ಕೆ ಸ್ಟ್ರಾ8-ಕ್ರೀ, ಅದನ್ನು ಸಾಕುವ ಸರ್ಟೋಲಿ ಕೋಶಕ್ಕೆ ಎಎಂಎಚ್-ಕ್ರೀ. ಬೀಜಕೋಶದಲ್ಲಿ ಕೆಡಿಸಿದಾಗ ಮರಿ ನಿಂತು, ಮೂಳೆಯಲ್ಲಿ ಕೆಡಿಸಿದಾಗ ಮರಿ ಆದರೆ ಎರಡೂ ಸ್ವತಂತ್ರ ತೊಂದರೆ. ಒಂದು ಬಲೆ ಹೇಳಿಬಿಡುತ್ತೇನೆ: ಪಿಆರ್‌ಎಕ್ಸ್1-ಕ್ರೀಯನ್ನು ಹೆಣ್ಣಿನ ಕಡೆಯಿಂದ ತರಬೇಡಿ. ಅದು ಅಂಡದಲ್ಲೂ ಕೆಲಸ ಮಾಡಿ ಇಡೀ ಮರಿಯಲ್ಲೇ ಜೀನ್ ತೆಗೆದುಬಿಡುತ್ತದೆ. ಗಂಡಿನಿಂದಲೇ ತನ್ನಿ.

ಆಮೇಲೆ ಜೈರೋ ಇಲಿಗೆ ಮಾಡಿದ್ದನ್ನು ಮಾಡಿ: ಆರೋಗ್ಯವಂತ ಜೀನ್ ವಾಪಸ್ ಸೇರಿಸಿ, ಯಾವುದು ಸರಿಹೋಯಿತು, ಯಾವುದು ಹೋಗಲಿಲ್ಲ ನೋಡಿ. ಅಲ್ಲೂ ಗಡಿಬಿಡಿ ಬೇಡ. ಸ್ಪರ್ಮೀನ್ ಸಿಂಥೇಸ್ ಮಾತ್ರ ಕೆಟ್ಟ ಮನುಷ್ಯರಿಗೆ ಸ್ನೈಡರ್-ರಾಬಿನ್‌ಸನ್ ಸಿಂಡ್ರೋಮ್ ಬರುತ್ತದೆ, ಅದರಲ್ಲೂ ಮೂಳೆ ಸವೆಯುತ್ತದೆ. ಹಾಗಾಗಿ ಜೈರೋ ಇಲಿಯ ಮೂಳೆಯ ತೊಂದರೆ ಪೂರ್ತಿ ಫೆಕ್ಸ್‌ನದೇ ಅಂತಲೂ ಹೇಳುವ ಹಾಗಿಲ್ಲ.

9. ತಳಿ ಉಳಿಸಿಕೊಳ್ಳಿ

ಕೆಟ್ಟ ಗಂಡಿಗೆ ಮರಿ ಆಗದಿದ್ದರೆ ತಳಿ ನಿಂತಿರುವುದು ಒಂದೇ ಪ್ರತಿ ಕೆಟ್ಟಿರುವ ಅಣ್ಣತಮ್ಮಂದಿರ ಮೇಲೆ. ಅವರ ವೀರ್ಯ ತೆಗೆದು ದ್ರವ ಸಾರಜನಕದಲ್ಲಿ ಇಡಿ. ಜೀನ್ ಎಕ್ಸ್ ಮೇಲಿದ್ದರೆ ಅಣ್ಣತಮ್ಮಂದಿರಿಂದ ಆಗುವುದಿಲ್ಲ, ವಾಹಕ ಹೆಣ್ಣುಗಳಿಂದ ಭ್ರೂಣ ತೆಗೆದು ಇಡಬೇಕು. ಸಿ57ಬ್ಲ್ಯಾಕ್6 ವೀರ್ಯ ಕರಗಿಸಿದ ಮೇಲೆ ಸುಸ್ತಾಗಿರುವುದಕ್ಕೆ ಹೆಸರುವಾಸಿ. ವೀರ್ಯ ತುಂಬಿದ ಒಂದು ಸ್ಟ್ರಾ (ಸಣ್ಣ ಕೊಳವೆ) ಕರಗಿಸಿ, ಐವಿಎಫ್ ಮಾಡಿ, ತಟ್ಟೆಯಲ್ಲಿ ಎರಡು ಕೋಶದ ಭ್ರೂಣ ಕಂಡ ಮೇಲಷ್ಟೇ ಪಂಜರ ಖಾಲಿ ಮಾಡಿ.